ನಲವತ್ತು ಜನರ ಈರುಳ್ಳಿ

ಇಪ್ಪತ್ತಾರು ವರ್ಷ ಹಡಗಿನ ಅಡುಗೆಮನೆಯಲ್ಲಿದ್ದು ಬಂದವನಿಗೆ
ಇಬ್ಬರಿಗೆ ಅಡುಗೆ ಮಾಡಲು ಬರುವುದಿಲ್ಲ.
ನನಗಿದು ಗೊತ್ತಾದದ್ದು ಮೊನ್ನೆ ಭಾನುವಾರ.

ಇಗರ್ಜಿಯಿಂದ ಬರುವಾಗ ಹಂದಿಮಾಂಸ ತಂದ,
ಭುಜದ ಕಡೆಯದು, ಬಿಳಿ ಕೊಬ್ಬಿನ ಅಂಚಿನದು.
'ಇವತ್ತು ನೀನು ಕೂತಿರು ಪಾಸ್ಕೂ' ಅಂದ.
ಕೂತೆ,
ನನ್ನದೇ ಅಡುಗೆಮನೆಯ ಹೊಸ್ತಿಲಲ್ಲಿ
ನೆಂಟರ ಹಾಗೆ.

ಉಪ್ಪು, ಶಿರ್ಕಾ, ಜಜ್ಜಿದ ಕಾಳುಮೆಣಸು,
ಇಡೀ ಗಡ್ಡೆ ಬೆಳ್ಳುಳ್ಳಿ, ಬೆರಳುದ್ದ ಚೆಕ್ಕೆ.
ಪಾತ್ರೆಯ ಮುಚ್ಚಳದ ಮೇಲೆ ಗುಂಡುಕಲ್ಲು ಹೇರಿದ.
ಹಡಗು ಓಲಾಡುವಾಗ ಹೀಗೇ ಮಾಡಬೇಕಂತೆ.
ಕೋಡಿಬಾಗದ ಈ ಮನೆ
ನಾನು ಬಂದಂದಿನಿಂದ ಒಮ್ಮೆಯೂ ಓಲಾಡಿಲ್ಲ
ಅನ್ನಲು ಹೋದವಳು ಅನ್ನಲಿಲ್ಲ.

ಆಮೇಲೆ ಮೊಳೆಯಿಂದ ಈರುಳ್ಳಿಯ ಜಡೆ ಇಳಿಸಿದ.
ಕುಮಟೆಯ ಆಚೆ ಟೆಂಪೊ ನಿಲ್ಲಿಸಿ
ಹಂದಿಗೋಣದ ರಸ್ತೆಬದಿಯಲ್ಲಿ
ಅರ್ಧ ಗಂಟೆ ಚೌಕಾಸಿ ಮಾಡಿ ತಂದ ಜಡೆ;
ಮಳೆಗಾಲಕ್ಕೆಂದು ಇಟ್ಟದ್ದು.
'ಎರಡು ಗಡ್ಡೆ ಸಾಕು' ಅಂದೆ.
'ಹಂದಿಗೋಣದ ಈರುಳ್ಳಿ
ಹಂದಿಗೆ ಸೇರದೆ ಇನ್ನೆಲ್ಲಿಗೆ ಹೋಗಬೇಕು?'
ತನ್ನ ಮಾತಿಗೆ ತಾನೇ ನಕ್ಕು ಹೆಚ್ಚತೊಡಗಿದ.

ಏನು ಹೆಚ್ಚುವುದದು!
ಚಾಕು ಕಾಣುವುದಿಲ್ಲ, ಸದ್ದಷ್ಟೇ,
ಎದುರುಮನೆ ಟೈಲರನ ಮಿಷನ್ನಿನ ಹಾಗೆ.
ಅವನ ಕಣ್ಣಲ್ಲಿ ಒಂದು ಹನಿಯಿಲ್ಲ,
ದೂರ ಕೂತ ನಾನು
ನೈಟಿಯ ತೋಳಲ್ಲಿ ಮೂಗು ಒರೆಸಿದ್ದೇ ಒರೆಸಿದ್ದು.

ಜಡೆಯಲ್ಲಿ ಉಳಿದದ್ದು ಒಣಬಾಲ.
ಕಟ್ಟೆಯ ಮೇಲೆ ಸದಾಶಿವಗಡದಂಥ ಗುಡ್ಡ.
ಕೈ ನಿಲ್ಲಿಸಿ, ಆಗಷ್ಟೇ ಎಚ್ಚರಾದವನಂತೆ
'ಎಷ್ಟು ಜನ ನಾವು?' ಅಂದ.
'ಇಬ್ಬರು, ಕೈತಾನ.'
ಅವನ ತುಟಿ ಸುಮ್ಮನೆ ಆಡುತ್ತಿತ್ತು,
ಬೋಸನ್, ಆಯಿಲರ್, ಎರಡನೇ ಇಂಜಿನಿಯರ್,
ರಾತ್ರಿ ಪಾಳಿ ಮುಗಿಸಿ ಹಸಿದು ಬರುವ ಹುಡುಗರು…
ನಲವತ್ತು ಬಾಯಿ.
ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ.
ನನಗೆ ಖಾರ ಎಷ್ಟು ಬೇಕೆಂದು
ಅವನಿಗೂ ಗೊತ್ತಿಲ್ಲ.

'ಹಾಕು ಎಲ್ಲ' ಅಂದೆ.
ಮಗಳ ರೋಸಿನ ದಿನ ಬಳಸಿದ ದೊಡ್ಡ ಬೋಗುಣಿ
ಅಟ್ಟದಿಂದ ಇಳಿಯಿತು.
ಕೊಬ್ಬು ಕರಗಿತು, ಗುಡ್ಡ ಅದರೊಳಗೆ ಕುಸಿಯಿತು.
ಉರಿ ಸಣ್ಣ.
ಇನ್ನು ಮಾಡುವಂಥದ್ದೇನಿಲ್ಲ,
ಪಕ್ಕದಲ್ಲಿ ಇರಬೇಕು ಅಷ್ಟೆ.

ಈರುಳ್ಳಿ ಮೊದಲು ಬೆವರುತ್ತದೆ,
ಸೋಲುತ್ತದೆ, ಗಾಜಾಗುತ್ತದೆ.
ಅರ್ಧ ಗಂಟೆಗೆ ಹೊಸಬೆಲ್ಲದ ಬಣ್ಣ,
ಒಂದೂವರೆಗೆ ಹಳೇ ಬೆಲ್ಲ.
'ಸಕ್ಕರೆ ಬೇಡವಾ?'
'ಒಳಗೇ ಇದೆ. ಹೊತ್ತು ಕೊಡಬೇಕು.'
ಅವನ ಕೈ ಸೋತಾಗ ಸೌಟು ನಾನು ಹಿಡಿದೆ,
ನನ್ನದು ಸೋತಾಗ ಅವನು.
'ಆ ವರ್ಷ ಗಾಳಿಗೆ ಮಾಡು ಹಾರಿತ್ತಲ್ಲ,
ಯಾರು ಹೊದೆಸಿದರು?'
ಹನ್ನೊಂದು ವರ್ಷದ ಮೇಲೆ ಕೇಳುತ್ತಿದ್ದಾನೆ.
'ನಾನೇ' ಅಂದೆ,
'ತಳ ಹಿಡಿಯುತ್ತಿದೆ, ತಿರುವು.'

ಇಳಿಯುತ್ತ ಬಂತು ಗುಡ್ಡ,
ಇಪ್ಪತ್ತು ಜನರದಾಯಿತು, ಹತ್ತಾಯಿತು,
ಕೊನೆಗೆ ತಳದಲ್ಲಿ ಒಂದು ಬಟ್ಟಲು,
ಕಂದು, ಮಿರಮಿರ, ಅಂಟಂಟು.
ಇಬ್ಬರಿಗೆ ಸರಿ.
ಮೂರನೆಯವರು ಬಂದರೆ ಜಗಳ.

ಅಷ್ಟರಲ್ಲಿ ಪೊದೇರನ ಸೈಕಲ್ಲು, ಪೋಂ ಪೋಂ.
ಚಪ್ಪಲಿಯಿಲ್ಲದೆ ಓಡಿ ಆರು ಪಾವು ತಂದೆ.
ಸೀಳಿ, ಕೊಬ್ಬು ಸವರಿದ ಕಾವಲಿಗೆ
ಅವುಗಳ ಮುಖ ಒತ್ತಿದ.
ಎಳೆಎಳೆ ಬಿಡಿಸಿದ ಬಿಸಿ ಮಾಂಸ,
ಮೇಲೆ ಈರುಳ್ಳಿ,
ಅವನು ಅತ್ತ ತಿರುಗಿದಾಗ ನಾನು ಇಟ್ಟ
ಒಂದು ಹೋಳು ಬಿಂಬುಳಿ ಉಪ್ಪಿನಕಾಯಿ.

ಕಚ್ಚಿದ. ರಸ ಮೊಣಕೈತನಕ ಇಳಿಯಿತು.
ಅಗಿಯುವುದು ನಿಲ್ಲಿಸಿ ನನ್ನನ್ನು ನೋಡಿದ:
'ಇದನ್ನು ಹಾಕಲು ಯಾರು ಹೇಳಿದರು?'
ನನ್ನ ಬಾಯಿ ತುಂಬಿತ್ತು.
ಅವನು ಸುಮ್ಮನೆ ಎರಡನೆಯದಕ್ಕೆ ಕೈ ಹಾಕಿ
ಭರಣಿ ತನ್ನ ಕಡೆ ಎಳೆದುಕೊಂಡ.

ಮೊಳೆಯಲ್ಲಿ ಈಗ ಬರೀ ಜಡೆಬಾಲ.
ಮಳೆಗೆ ಮುಂಚೆ ಮತ್ತೊಮ್ಮೆ ಹಂದಿಗೋಣಕ್ಕೆ ಹೋಗಬೇಕು.
ಅವನನ್ನೂ ಕರೆದೊಯ್ಯುವೆ, ಜಡೆ ಹೊರಲಿಕ್ಕೆ.
ಚೌಕಾಸಿ ಮಾತ್ರ ನನ್ನದು.